ಲಾಟ್ ನಾನೂರ ಹದಿನೇಳು

ಭಾನುವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ರಾಣೆಬೆನ್ನೂರಿನ ತನ್ನ ಮನೆಯಲ್ಲಿ ಶಶಿಕಾಂತ ಮೇಜಿನ ಹಿಂದೆ ಬಗ್ಗಿ, ಹಳೆಯ ಕಂಪ್ಯೂಟರಿಗೆ ಉಗುರಿನಷ್ಟಿದ್ದ ಬ್ಲೂಟೂತ್ ಅಡಾಪ್ಟರನ್ನು ಸಿಕ್ಕಿಸುತ್ತಿದ್ದ. ಹಾವೇರಿಯಲ್ಲಿ ಓದುವ ಮಗಳು ಸ್ನೇಹಾ ರಜೆಗೆ ಮನೆಗೆ ಬರುವಾಗ ಅದನ್ನು ತಂದುಕೊಟ್ಟಿದ್ದಳು.

ಹತ್ತೊಂಬತ್ತು ವರ್ಷಗಳಿಂದ ಅವನು ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಮೊಳಕೆ ಎಣಿಸುತ್ತಾನೆ. ನೂರು ನೂರು ಬೀಜಗಳನ್ನು ನಾಲ್ಕು ಒದ್ದೆ ಕಾಗದಗಳ ಮೇಲಿಟ್ಟು, ಟೊಮೆಟೊ ಆದರೆ ಹದಿನಾಲ್ಕನೆಯ ದಿನ ಕೊನೆಯ ಎಣಿಕೆ. ಚೀಲದ ಮೇಲೆ ರೈತನ ಹೆಸರಿರುವುದಿಲ್ಲ, ಲಾಟ್ ನಂಬರಷ್ಟೇ. ಕೈ ಒದ್ದೆಯಿರುವುದರಿಂದ ಅಂಕಿಗಳನ್ನು ಮೊಬೈಲಿಗೆ ಹೇಳಿಟ್ಟುಕೊಂಡು, ಭಾನುವಾರ ಮನೆಯ ಕಂಪ್ಯೂಟರಿಗೆ ಹಾಕಿ, ಕೇಳುತ್ತ ಟೈಪ್ ಮಾಡುತ್ತಾನೆ. ಕಂಪ್ಯೂಟರಿನ ಸ್ಪೀಕರು ಕೆಟ್ಟಿತ್ತು. ದೀಪಾವಳಿಗೆ ಕಂಪನಿ ನೌಕರರಿಗೂ ಬೀಜ ಬೆಳೆಯುವ ರೈತರಿಗೂ ಒಂದೇ ನಮೂನೆಯ ಬ್ಲೂಟೂತ್ ಸ್ಪೀಕರು ಹಂಚಿತ್ತು. ಅದನ್ನು ಜೋಡಿಸುವುದು ಅವನ ಯೋಚನೆ.

ಬಾಜೂ ಮನೆಯ ಕಲ್ಲೇಶ ಈ ಸಲ ಟೊಮೆಟೊ ಬೀಜ ಬೆಳೆದಿದ್ದ. ಅವನ ಹೆಂಡತಿ ಜಯವ್ವ ಮತ್ತು ಕೂಲಿಯ ಹತ್ತು ಹೆಣ್ಣುಮಕ್ಕಳು ನಲವತ್ತು ದಿನ ಬಿಸಿಲಿನಲ್ಲಿ ನಿಂತು, ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದ್ದರು. ನೂರಕ್ಕೆ ಎಂಬತ್ತೈದಕ್ಕಿಂತ ಕಡಿಮೆ ಮೊಳೆತರೆ ಲಾಟ್ ಫೇಲ್. ಮುಂದಿನ ಹಂಗಾಮಿಗೆ ಕಂಪನಿ ಅವನ ಹೊಲಕ್ಕೆ ಬರುವುದಿಲ್ಲ. ಕಲ್ಲೇಶ ತನ್ನ ಚೀಟಿಯ ಲಾಟ್ ನಂಬರನ್ನು ಬಾಯಿಪಾಠ ಮಾಡಿ ದಿನಾ ಕೇಳುತ್ತಿದ್ದ. ಶಶಿಕಾಂತ ಯಾರಿಗೂ ಅಂಕಿ ಹೇಳುವವನಲ್ಲ. ಆದರೆ ಗುರುವಾರ ಜಯವ್ವ ಚಹಾ ಕೊಟ್ಟು, ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಎಷ್ಟ ಬರತೈತ್ರಿ ಶಶಣ್ಣ?" ಎಂದಾಗ, ಎಣಿಸದೆಯೇ ಒಂದು ಅಂಕಿ ಹೇಳಿಬಿಟ್ಟಿದ್ದ. ಶನಿವಾರ ಎಣಿಸಿದ. ಆಮೇಲೆ ಕಲ್ಲೇಶನ ಮನೆಯ ಕಡೆಗಿದ್ದ ತನ್ನ ಹಿತ್ತಲ ಬಾಗಿಲನ್ನು ತೆರೆದಿರಲಿಲ್ಲ.

ಪರದೆಯ ಮೇಲೆ ಸ್ಪೀಕರಿನ ಒಂದೇ ಹೆಸರು ಎರಡು ಸಲ ಬಂತು. ಅವನು ಮೇಲಿನದನ್ನು ಒತ್ತಿ, ಶನಿವಾರ ಹೇಳಿಟ್ಟ ಎಣಿಕೆಯನ್ನು ಹಚ್ಚಿದ. ಸದ್ದಿಲ್ಲ. ದನಿ ಪೂರ್ತಿ ಏರಿಸಿದ.

"ಅಪ್ಪಾ, ಇದು ಎಷ್ಟ ದೂರ ಮುಟ್ಟತೈತಿ?" ಎಂದಳು ಕಿಟಕಿಯ ಬಳಿ ನಿಂತಿದ್ದ ಸ್ನೇಹಾ.

"ಹತ್ತು ಮೀಟರು. ನಡುವ ಗ್ವಾಡಿ ಇದ್ರ ಸ್ವಲ್ಪ ಕಡಿಮಿ."

"ಹಂಗಾರ ನಿನ್ನ ದನಿ ಜಯಕ್ಕಾರ ಮನ್ಯಾಗ ಯಾಕ ಬರಾಕತ್ತೈತಿ?"

ಗೋಡೆಯಾಚೆ, ಹಾಡು ಹಾಕಲೆಂದು ಜಯವ್ವ ಆಗಷ್ಟೇ ಚಾಲೂ ಮಾಡಿದ್ದ ಸ್ಪೀಕರು ಅವನದೇ ದನಿಯಲ್ಲಿ ಹೇಳುತ್ತಿತ್ತು: "ಲಾಟ್ ನಾನೂರ ಹದಿನೇಳು. ಐವತ್ತೆಂಟು, ಅರವತ್ತಮೂರು, ಅರವತ್ತು, ಅರವತ್ತಮೂರು. ಸರಾಸರಿ ಅರವತ್ತೊಂದು. ಫೇಲ್." ಅವನು ಅಡಾಪ್ಟರನ್ನು ಕಿತ್ತ. ತಡವಾಗಿತ್ತು.

ಕಲ್ಲೇಶ ಬಾಗಿಲಿಗೆ ಬಂದ. ಹಿಂದೆ ಜಯವ್ವ.

"ದನಿ ಭಾಳ ಚಲೋ ಐತಿ ಬಿಡ್ರಿ ಶಶಣ್ಣ. ನಮ್ಮ ಅಡಗಿಮನಿ ಮಟಾ ಬಂತು."

"ಗುರುವಾರ ನಾ ಇನ್ನೂ ಎಣಿಸಿದ್ದಿಲ್ಲ ಕಲ್ಲೇಶ."

"ಎಣಿಸಿಲ್ಲಂತ ಅನ್ನಾಕ ಏನಾಗಿತ್ರಿ?"

ಶಶಿಕಾಂತ ಕೈಯಲ್ಲಿದ್ದ ಅಡಾಪ್ಟರನ್ನೇ ನೋಡಿದ.

"ನಿಮ್ಮ ಮಾತು ನಂಬಿ ಹತ್ತೂ ಮಂದಿಗೆ ಪೇಡೆ ಹಂಚೇನಿ," ಎಂದಳು ಜಯವ್ವ. "ಅವರ ಮುಂದ ನಾ ಏನ ಹೇಳ್ಲಿ?"

"ನೀವ್ ಹೇಳಬ್ಯಾಡ್ರಿ. ನಾ ಹೇಳತೇನಿ."

ಓಣಿಯ ತುದಿಯಲ್ಲಿ ಆ ಹೆಣ್ಣುಮಕ್ಕಳು ಹೊಲಕ್ಕೊಯ್ಯುವ ಟಂಟಂ ಗಾಡಿಗಾಗಿ ಬುತ್ತಿ ಹಿಡಿದು ನಿಂತಿದ್ದರು. ಶಶಿಕಾಂತ ಚಪ್ಪಲಿ ಮೆಟ್ಟದೆಯೇ ಹೋಗಿ, ನಿಜವಾದ ಎಣಿಕೆಯನ್ನು ಹೇಳಿದ. ಎಲ್ಲರಿಗಿಂತ ಹಿರಿಯಳಾದ ಮುದುಕವ್ವ ಬುತ್ತಿಯ ಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು.

"ಅರವತ್ತೊಂದು ಅಂದ್ರ ಅರವತ್ತೊಂದು, ಹೋಗ್ಲಿ. ಗುರುವಾರ ಜಯವ್ವಗ ಎಷ್ಟ ಅಂತ ಹೇಳಿದ್ದೆಪಾ?"

ಹತ್ತೊಂಬತ್ತು ವರ್ಷಗಳಲ್ಲಿ ಎಣಿಸದೆ ಹೇಳಿದ್ದ ಆ ಒಂದೇ ಅಂಕಿಯನ್ನು ಶಶಿಕಾಂತ ತಲೆ ತಗ್ಗಿಸಿ ಮತ್ತೆ ಹೇಳಿದ:

"ತೊಂಬತ್ತೆರಡು."