ನೆರಳಿನಲ್ಲಿ ಹುಟ್ಟುವ ಅಲೆ

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದವರು ತಪ್ಪು ಮಾಡುತ್ತಿದ್ದರೆ, ಅವರ ಮೊದಲ ಸೆಮಿನಾರು ಮುಗಿಯುವ ತನಕ ಯಾರೂ ಅದನ್ನು ಬಾಯಿಬಿಟ್ಟು ಹೇಳಕೂಡದು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ನಮ್ಮ ಪ್ರೊಫೆಸರರಿಗೆ ಅವರ ಗುರುಗಳು ಹಾಗೆ ಮಾಡಿದ್ದರಂತೆ. ಅವರು ನಮಗೆ ಮಾಡಿದರು. ನಾಲ್ಕು ಜನರ ಮುಂದೆ ಒಮ್ಮೆ ಮುಖ ಸುಟ್ಟುಕೊಂಡವರು ಮತ್ತೆ ಜನ್ಮದಲ್ಲಿ ಅಂಕಿಗಳನ್ನು ನಂಬುವುದಿಲ್ಲ ಎಂಬುದು ಅವರ ವಾದ. ವಾದ ಸುಳ್ಳೇನಲ್ಲ. ನನ್ನ ಸರದಿಯಲ್ಲಿ ನಾನು, ಬಾಹ್ಯಾಕಾಶ ನೌಕೆ ತನ್ನ ಸುತ್ತ ತಾನೇ ತಿರುಗುವುದನ್ನು ಲೆಕ್ಕದಿಂದ ಕಳೆಯಲು ಮರೆತು, ಆ ತಿರುಗಾಟವನ್ನೇ ಗುರುಗ್ರಹದ ಮಿಡಿತವೆಂದು ಇಪ್ಪತ್ತು ನಿಮಿಷ ವಿವರಿಸಿದ್ದೆ. ಆಮೇಲೆ ಎರಡು ವರ್ಷ ನನ್ನನ್ನು ಎಲ್ಲರೂ ಗಿರಗಿಟ್ಲೆ ಎಂದೇ ಕರೆದರು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ?

ಕೆಲಸ ಎಂಥದ್ದೆಂದು ಹೇಳಿಬಿಡುತ್ತೇನೆ. ಗುರುಗ್ರಹಕ್ಕೆ ದೊಡ್ಡದೊಂದು ಕಾಂತಕ್ಷೇತ್ರವಿದೆ. ಅದರೊಳಗೆಲ್ಲ ಪ್ಲಾಸ್ಮಾ, ಅಂದರೆ ವಿದ್ಯುತ್ ತುಂಬಿದ ಅನಿಲ, ಹರಿದಾಡುತ್ತಿರುತ್ತದೆ. ಗುರುವಿನ ಚಂದ್ರಗಳು ಅದರ ನಡುವೆ ಸುತ್ತುವಾಗ, ಬಿಗಿದ ತಂತಿಯನ್ನು ಮೀಟಿದ ಹಾಗೆ ಅಲ್ಲಿ ಅಲೆಗಳು ಏಳುತ್ತವೆ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಹೋದ ನೌಕೆಯೊಂದು ಅಳೆದು ಕಳಿಸಿದ ಅಂಕಿಗಳು ಸಿ.ಡಿ.ಗಳಾಗಿ ನಮ್ಮ ಚೆನ್ನೈಗೂ ಬಂದಿದ್ದವು. ಎ.ಸಿ. ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವುಗಳಲ್ಲಿ ಅಲೆ ಹುಡುಕುವುದೇ ನಮ್ಮ ಕೆಲಸ.

ನಾನು ನಾಲ್ಕನೆಯ ವರ್ಷದಲ್ಲಿದ್ದಾಗ ಆ ಹುಡುಗಿ ಬಂದಳು. ಹಾಸನದ ಕಡೆಯವಳು. ಗಂಡನಿಗೆ ಇಲ್ಲಿ ಕೆಲಸ, ವೇಲಚೇರಿಯಲ್ಲಿ ಮನೆ. ಈ ಊರಿಗೆ ಬಂದು ಎರಡು ತಿಂಗಳಾಗಿತ್ತು. ಕನ್ನಡದ ದನಿ ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತೋ ಏನೋ, ನಾನು ಫೋನಿನಲ್ಲಿ ಅಪ್ಪನ ಹತ್ತಿರ ಮಾತಾಡುವುದನ್ನು ಕೇಳಿ ನನ್ನ ಟೇಬಲ್ಲಿಗೇ ಬಂದು ನಿಂತುಬಿಟ್ಟಳು. ನನ್ನದು ಉಡುಪಿ ಕಡೆಯ ಕನ್ನಡ, ಅದೂ ಅಪ್ಪ ಮುಖ್ಯ ಅಡುಗೆಯವರಾಗಿದ್ದ ಇಲ್ಲಿನ ಹೋಟೆಲಿನ ಹಿಂಬದಿಯಲ್ಲಿ ತರಕಾರಿ ಹೆಚ್ಚುವ ಮುದುಕರಿಂದ ಕಲಿತದ್ದು. ಅವಳಿಗೆ ಅದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಮೊದಲ ದಿನದಿಂದಲೇ ನಾನು ಅವಳಿಗೆ ಅಕ್ಕ. ಮಧ್ಯಾಹ್ನ ಅವಳ ಡಬ್ಬಿಯಲ್ಲಿ ಅರ್ಧ ನನ್ನದು. ಅವಳು ಮಾಡುವ ಹುಳಿಯವಲಕ್ಕಿಯಂಥದ್ದನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ.

ಪ್ರೊಫೆಸರರು ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇದ್ದ ಕನ್ನಡ ಮನೆತನದವರು. ಮಾತಿಗೊಮ್ಮೆ ತಮಿಳಿನ 'ಮಾ' ಸೇರಿಸುತ್ತಿದ್ದರು. ಅವರು ಅವಳಿಗೆ ಒಂದು ಚಂದ್ರದ ಪಕ್ಕ ನೌಕೆ ಹಾದುಹೋದಾಗಿನ ಅಂಕಿಗಳನ್ನು ಕೊಟ್ಟರು. ಜೊತೆಗೇ ಬರುವ ಇನ್ನೊಂದು ಸಿ.ಡಿ.ಯನ್ನು ಕೊಡಲಿಲ್ಲ. ನೌಕೆಯ ಸ್ವಂತ ಸಮಾಚಾರವೆಲ್ಲ ಅದರಲ್ಲಿ ಇರುತ್ತದೆ: ಯಾವ ಯಂತ್ರ ಯಾವಾಗ ಚಾಲೂ ಆಯಿತು, ಯಾವುದು ಆರಿತು, ಎಲ್ಲಿ ಎಷ್ಟು ತಣ್ಣಗಿತ್ತು. ಅದನ್ನು ನನ್ನ ಕೈಗಿತ್ತು, "ನಿನ್ನ ಹತ್ರಾನೇ ಇರಲಿ ಮಾ. ಕೇಳಿದ್ರೆ ಕೊಡು, ಕೇಳದಿದ್ರೆ ಬೇಡ" ಎಂದರು.

ಅವಳು ಕೇಳಲಿಲ್ಲ. ಅಂಥದ್ದೊಂದು ಇದೆಯೆಂದು ಗೊತ್ತಿದ್ದರೆ ತಾನೆ ಕೇಳುವುದು?

ಆರು ತಿಂಗಳಾಗುವಷ್ಟರಲ್ಲಿ ಅವಳಿಗೆ ಒಂದು ಅಲೆ ಸಿಕ್ಕಿತು. ನೌಕೆ ಚಂದ್ರದ ನೆರಳಿಗೆ ಹೋಗುತ್ತಲೇ ಏಳುವ ಅಲೆ. ಬಿಸಿಲಿಗೆ ಬರುತ್ತಲೇ ಅಡಗಿಬಿಡುತ್ತದೆ. ನೆರಳಿನಲ್ಲಿ ಪ್ಲಾಸ್ಮಾದ ಸ್ವಭಾವ ಬದಲಾಗುವುದರಿಂದ ಅಲೆ ಹುಟ್ಟುತ್ತದೆ ಎಂದು ಪುಟಗಟ್ಟಲೆ ಲೆಕ್ಕ ಬರೆದಳು. ಲೆಕ್ಕದ ಅಲೆ ಅಂಕಿಗಳಲ್ಲಿ ಕಂಡದ್ದಕ್ಕಿಂತ ಕೊಂಚ ನಿಧಾನದ್ದು; ಆ ವ್ಯತ್ಯಾಸ ಅಳತೆಯ ದೋಷವಿರಬೇಕೆಂದು ಬಿಟ್ಟಿದ್ದಳು. ಲೆಕ್ಕ ಬಹಳ ಚೆನ್ನಾಗಿತ್ತು. ನನಗೆ ಬರುತ್ತಿರಲಿಲ್ಲ ಅಂಥ ಲೆಕ್ಕ.

ನಾನು ಒಂದು ಸಂಜೆ ಆ ಇನ್ನೊಂದು ಸಿ.ಡಿ. ಹಾಕಿ ನೋಡಿದೆ. ಕಾಂತಕ್ಷೇತ್ರ ಅಳೆಯುವ ಉಪಕರಣ ಚಳಿಗೆ ಕೆಡಬಾರದೆಂದು ಅದರ ಪಕ್ಕ ಒಂದು ಪುಟ್ಟ ಹೀಟರ್ ಇಟ್ಟಿದ್ದರು. ನೆರಳಿಗೆ ಹೋದರೆ ಚಳಿ. ಚಳಿಯಾದರೆ ಹೀಟರ್ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಪ್ರತಿ ಸಲವೂ ಅದರ ವಿದ್ಯುತ್ತು ಕಾಂತದ ಅಳತೆಯನ್ನು ಚೂರು ಏರಿಸುತ್ತದೆ, ಇಳಿಸುತ್ತದೆ. ಮೂಲ ಅಂಕಿಗಳಲ್ಲಾಗಿದ್ದರೆ ಅದು ಮೆಟ್ಟಿಲಿನ ಹಾಗೆ ಚೌಕವಾಗಿ ಕಂಡು ಯಾರಿಗಾದರೂ ಅನುಮಾನ ಬರುತ್ತಿತ್ತು. ಸರ್ ಅವಳಿಗೆ ಕೊಟ್ಟದ್ದು ಸರಾಸರಿ ತೆಗೆದ ಅಂಕಿಗಳು. ಮೂಲೆಗಳೆಲ್ಲ ಸವೆದು ನುಣ್ಣಗಿನ ಅಲೆಯಾಗಿತ್ತು.

ಆ ವಾರ ನಮ್ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಒಂದು ತಮಾಷೆಯ ಕಥೆಯ ಹಾಗೆ ಹೇಳಿದೆ. ಅಪ್ಪ ನಗಲಿಲ್ಲ.

"ಆ ಹುಡುಗಿಗೆ ಹೇಳಿದ್ಯಾ?"

ನಮ್ಮಲ್ಲಿ ಹಾಗೆ ಹೇಳುವ ಕ್ರಮ ಇಲ್ಲ ಎಂದೆ.

"ಅವಳ ಡಬ್ಬಿಯಿಂದ ತಿನ್ನುವ ಕ್ರಮ ಉಂಟಾ?"

ಎದ್ದು ಕೈತೊಳೆಯಲು ಹೋದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ನವೆಂಬರಿನ ಮಳೆಗೆ ವೇಲಚೇರಿ ಎಂದಿನಂತೆ ಮುಳುಗಿತು. ಲ್ಯಾಬಿಗೆ ಅರ್ಧ ಜನ ಬಂದಿರಲಿಲ್ಲ. ಅವಳು ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ, ಚಪ್ಪಲಿ ಕೈಯಲ್ಲಿ, ತಲೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಗ್ರಾಫುಗಳು. ನೀರು ಬಸಿಯುತ್ತಲೇ ಅವನ್ನು ನನ್ನ ಮೇಜಿನ ಮೇಲೆ ಹರವಿದಳು.

"ಅಕ್ಕಾ, ಎರಡನೇ ಸಲ ಹಾದುಹೋದಾಗ್ಲೂ ಇದೆ ನೋಡಿ. ಅದೇ ಅಲೆ. ನೆರಳಲ್ಲೇ."

ಇರದೆ ಏನು! ಹೀಟರ್ ಎರಡನೆಯ ಸಲವೂ ಇತ್ತಲ್ಲ.

"ಚಂದ ಬಂದಿದೆ ಮಾರಾಯ್ತಿ" ಎಂದೆ.

ಅವಳು ಅಲ್ಲೇ ಕೂತು ತಲೆ ಒರೆಸಿಕೊಳ್ಳುತ್ತ ಮನೆಯ ವಿಷಯ ಹೇಳಿದಳು. ಈ ಸೆಮಿನಾರಿನಲ್ಲಿ ಸಮಿತಿಯವರು ಒಪ್ಪಿದರೆ ಅವಳ ನೋಂದಣಿ ಖಾಯಂ. ಇಲ್ಲವಾದರೆ ಮುಂದೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿದೆ. ಒಂದೇ ಅವಕಾಶ ಕೇಳಿ ತೆಗೆದುಕೊಂಡಿದ್ದಾಳೆ. "ಈ ಅಲೆ ಇಲ್ದಿದ್ರೆ ನನ್ ಗತಿ ಏನಾಗ್ತಿತ್ತೋ" ಎಂದು ನಕ್ಕಳು. ಸಿ.ಡಿ. ನನ್ನ ಡ್ರಾಯರಿನಲ್ಲಿತ್ತು. ಅವಳ ಮೊಣಕೈಗೂ ಅದಕ್ಕೂ ಒಂದು ಗೇಣು. ಇವತ್ತು ಹೇಳುತ್ತೇನೆ ಕೇಳಿ, ಆ ಹೊತ್ತಿನಲ್ಲಿ ನನಗೆ ಸಂಕಟವಾಯಿತು ಎಂದರೆ ಸುಳ್ಳಾಗುತ್ತದೆ. ಒಂದು ಬಗೆಯ ಹಿತ ಇತ್ತು. ಗಿರಗಿಟ್ಲೆ ಎಂದು ಕರೆಸಿಕೊಂಡವಳು ಇನ್ನು ಮುಂದೆ ನಾನೊಬ್ಬಳೇ ಅಲ್ಲವಲ್ಲ ಎಂಬ ಹಿತ.

ಸೆಮಿನಾರಿನ ದಿನ ಅವಳು ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ಚೆನ್ನಾಗಿಯೇ ಮಾತಾಡಿದಳು. ಸಮಿತಿಯ ಹಿರಿಯರಿಬ್ಬರು ತಲೆದೂಗಿದರು. ಕೊನೆಗೆ ಸರ್ ಕುರ್ಚಿಗೆ ಒರಗಿ ಬಲು ಮೆತ್ತಗೆ, ಕನ್ನಡದಲ್ಲಿ, ಕೇಳಿದರು. ಅವರು ಸೆಮಿನಾರಿನಲ್ಲಿ ಕನ್ನಡ ಆಡಿದ್ದು ಅದೊಂದೇ ಸಲ.

"ನೆರಳಿಗೆ ಹೋದ್ರೆ ಏನಾಗತ್ತೆ ಮಾ?"

"ಅಲೆ ಹುಟ್ಟತ್ತೆ ಸರ್."

"ಚಳಿ ಆಗಲ್ವಾ?"

ಯಾಕೆ ಕೇಳುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಆಗುತ್ತದೆ ಎಂದಳು.

"ನಿಮ್ಮೂರಲ್ಲಿ ಚಳಿ ಆದ್ರೆ ಏನ್ ಮಾಡ್ತಾರೆ? ನಾವು ಚೆನ್ನೈಯವ್ರು, ನಮಗೆ ಗೊತ್ತಿಲ್ಲ ನೋಡು."

ವಿಷಯ ಮೊದಲೇ ತಿಳಿದಿದ್ದ ಹಿಂದಿನ ಸಾಲಿನ ನಮ್ಮ ಹುಡುಗರು ಮುಸಿಮುಸಿ ನಗಲು ಶುರುಮಾಡಿದರು. ಸರ್ ನನ್ನ ಕಡೆ ತಿರುಗಿ, ಆ ಸಿ.ಡಿ. ತರುತ್ತೀಯಾ ಎಂದರು. ತರಲು ಎಲ್ಲಿಗೂ ಹೋಗಬೇಕಿರಲಿಲ್ಲ. ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದೆ. ಅವಳಿಗೆ ಹಿಂದಿರುಗಿಸಬೇಕಾದ ತೊಳೆದ ಡಬ್ಬಿಯ ಕೆಳಗಿತ್ತು. ಡಬ್ಬಿ ಮೇಲೆತ್ತಿಟ್ಟು ಸಿ.ಡಿ. ತೆಗೆದು ಕೊಟ್ಟೆ.

ಪರದೆಯ ಮೇಲೆ ಅವಳ ಅಲೆ; ಅದರ ಕೆಳಗೆ ಹೀಟರಿನ ಏರಿಳಿತ. ಒಂದರ ಮೇಲೊಂದು ಇಟ್ಟ ಹಾಗಿದ್ದವು. ಈಗ ಎಲ್ಲರೂ ನಕ್ಕರು, ಹಿರಿಯರೂ. ಅವಳು ಪರದೆಯನ್ನಾಗಲಿ ಸರ್ ಅನ್ನಾಗಲಿ ನೋಡಲಿಲ್ಲ. ನನ್ನ ಕಾಲ ಬಳಿ ಇದ್ದ ತನ್ನ ಡಬ್ಬಿಯನ್ನು ನೋಡುತ್ತಿದ್ದಳು.

ಆರು ತಿಂಗಳ ನಂತರ ಮತ್ತೊಮ್ಮೆ ಬರಲಿ ಎಂದು ಸಮಿತಿಯವರು ಬರೆದರು. ಅವಳು ಮರುದಿನದಿಂದಲೇ ಬರಲಿಲ್ಲ. ಡಬ್ಬಿ ನನ್ನ ಬಳಿಯೇ ಉಳಿಯಿತು.

ಅವಳ ಅಂಕಿಗಳನ್ನು ಸರ್ ನನಗೆ ಕೊಟ್ಟರು, ಈ ಸಲ ಸರಾಸರಿ ತೆಗೆಯದ ಮೂಲ ಅಂಕಿಗಳನ್ನೇ. ಹೀಟರಿನ ಗದ್ದಲವನ್ನು ಕಳೆಯುವ ವಿಧಾನವೊಂದನ್ನು ಬರೆ, ಸಣ್ಣದೊಂದು ಪ್ರಬಂಧವಾಗುತ್ತದೆ ಎಂದರು. ಒಂದು ವರ್ಷ ಕೂತು ಒಂದೊಂದೇ ಮೆಟ್ಟಿಲನ್ನು ಕಳೆದೆ. ಕಳೆದಾದ ಮೇಲೆ ಗೆರೆ ಸಪಾಟಾಗಬೇಕಿತ್ತು. ಆಗಲಿಲ್ಲ. ಹೀಟರ್ ಆರಿರುವಾಗಲೂ ನಿಲ್ಲದ, ಅದಕ್ಕಿಂತ ನಿಧಾನದ, ಸಣ್ಣದೊಂದು ಅಲೆ ಉಳಿಯಿತು. ನೆರಳಿನಲ್ಲಿ ಮಾತ್ರ. ಎರಡೂ ಸಲ. ಅವಳ ಹಳೆಯ ಲೆಕ್ಕದ ಪುಟಗಳನ್ನು ತೆಗೆದು ಪಕ್ಕದಲ್ಲಿಟ್ಟೆ. ಅವಳು ಹೇಳಿದ ವೇಗಕ್ಕೆ ಸರಿಯಾಗಿ ಕೂತಿತು.

ಪ್ರಬಂಧ ಸಣ್ಣದಾಗಲಿಲ್ಲ. ದೊಡ್ಡ ಪತ್ರಿಕೆಯಲ್ಲೇ ಬಂತು. ಲೇಖಕರು ಇಬ್ಬರು, ನಾನು ಮತ್ತು ಸರ್. ಕೃತಜ್ಞತೆಯ ಸಾಲಿನಲ್ಲಿ ಅವಳ ಹೆಸರು ಹಾಕಿದ್ದೆ. ಅವಳು ಈಗ ಇಲ್ಲಿ ಇಲ್ಲವಲ್ಲ ಎಂದು ಸರ್ ಪೆನ್ನಿನಿಂದ ಗೆರೆ ಎಳೆದರು. ನಾನು ಮತ್ತೆ ಬರೆಯಲಿಲ್ಲ. ನನಗೆ ಈಗಿರುವ ಕೆಲಸ ಸಿಕ್ಕಿದ್ದು ಆ ಪ್ರಬಂಧದಿಂದ.

ವೇಲಚೇರಿಗೆ ರೈಲು ಬಂದ ಹೊಸತು. ಪ್ಲಾಟ್‌ಫಾರ್ಮಿನಲ್ಲಿ ಹಿಂದಿನಿಂದ ಯಾರೋ ಅಕ್ಕಾ ಎಂದರು. ಅವಳೇ. ಸ್ವಲ್ಪ ದಪ್ಪಗಾಗಿದ್ದಳು. ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳಂತೆ. ನನ್ನ ಅಪ್ಪ ಹೇಗಿದ್ದಾರೆ ಎಂದು ಕೇಳಿದಳು. ಡಬ್ಬಿಯ ಮಾತು ಎತ್ತಲಿಲ್ಲ, ಸೆಮಿನಾರಿನದೂ ಇಲ್ಲ. ರೈಲು ಕಾಣಿಸಿದ ಮೇಲೆ, ಹೊರಡುವ ಮುಂಚೆ, ಏನೋ ಮರೆತಿದ್ದವಳ ಹಾಗೆ ತಿರುಗಿದಳು.

"ಅಕ್ಕಾ, ಒಂದು ಕೇಳ್ಬೇಕು ಅಂತಿದ್ದೆ. ಆ ಹೀಟರ್‌ದು ಕಳೆದ ಮೇಲೆ, ಏನಾದ್ರೂ ಉಳೀತಾ?"

ರೈಲು ನಿಲ್ಲುವಷ್ಟು ಹೊತ್ತು ನನಗೆ ಸಿಕ್ಕಿತ್ತು.

"ಇಲ್ಲ" ಎಂದೆ. "ಎಂತದೂ ಉಳೀಲಿಲ್ಲ."

ಅವಳು ದೀರ್ಘವಾಗಿ ಉಸಿರುಬಿಟ್ಟಳು. ಮುಖ ಹಗುರಾಯಿತು. "ಹಾಗಾದ್ರೆ ಬಿಟ್ಟಿದ್ದೇ ಒಳ್ಳೇದಾಯ್ತು ಬಿಡಿ" ಎಂದು ನನ್ನ ಕೈ ಹಿಡಿದು ಒತ್ತಿ, ಹೆಂಗಸರ ಡಬ್ಬಿಯ ಕಡೆಗೆ ಓಡಿದಳು.