ಫ್ಯಾನಿನ ಕೆಳಗೂ ಬಿಸಿಯಾದ ಫೋನು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಭಾನುವಿನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯನ್ನೇ ಹಿಡಿದು ನಿಂತ ಗಟ್ಟಿಗಿತ್ತಿ. ಕೆಲಸ ಕಲಿತದ್ದು ಕೆಡಿಸಿ ಕೆಡಿಸಿ. ಮಾತು ಮಾತ್ರ ಹುಟ್ಟಿನಿಂದಲೇ ಬಂದದ್ದು. ಫೋನು ಬಿಚ್ಚುವಷ್ಟರಲ್ಲಿ ಗಿರಾಕಿಯ ಮನೆಯ ಕಥೆಯನ್ನೂ ಬಿಚ್ಚಿಸಿಬಿಡುವಳು. ಕೇಡು ಬಯಸಿ ಅಲ್ಲ, ಬಾಯಿ ಮುಚ್ಚಿ ಕೂರಲಾರದ ಚಟ, ಅಷ್ಟೇ.

ಅವತ್ತು ಮಧ್ಯಾಹ್ನ ಹಂಗಳದ ಶಿವರಂಜನಿ ಬಂದಳು. ಬದನಗುಪ್ಪೆಯ ಕಾರ್ಖಾನೆಗೆ ಹೋಗುವ ಹುಡುಗಿ.

“ಅಕ್ಕಾ, ಸುಮ್ನೆ ಮಡಗಿದ್ರೂ ಬಿಸಿ ಆಯ್ತದೆ. ಚಾರ್ಜು ನಿಲ್ಲಾದೇ ಇಲ್ಲ. ಗೌರಿ ಹಬ್ಬಕ್ಕೆ ನಮ್ಮಣ್ಣ ಬಾಗಿನದ ಜೊತೆ ಕೊಟ್ಟದ್ದು.”

ಹಬ್ಬದ ದಿನ ಫೋನಿನ ಬೆನ್ನಿಗೆ ಹಚ್ಚಿದ ಕುಂಕುಮವನ್ನು ಅವಳು ಇನ್ನೂ ಒರೆಸಿರಲಿಲ್ಲ.

“ಅಬ್ಬಬ್ಬಾ, ಎಂಥಾ ಅಣ್ಣ! ಪುಣ್ಯ ಮಾಡಿದ್ದೀಯ ಕಣಮ್ಮಿ.” ಭಾನು ಅದನ್ನು ಫ್ಯಾನಿನ ಕೆಳಗೆ ಇಟ್ಟಳು. “ತಣ್ಣಗಾಗ್ಲಿ, ಆಮೇಲೆ ನೋಡನ. ಅಲ್ಲೀಗಂಟ ಯೋಳು, ಮದ್ವೆ ಯಾವಾಗ?”

ಹುಡುಗಿ ನಾಚಿದಳು. ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿಯೂಬಿಟ್ಟಳು. ಮಹಾಲಿಂಗ ಅಂತ, ಜೊತೆಯಲ್ಲಿ ಕೆಲಸ ಮಾಡುವವನು, ಬೇರೆ ಜಾತಿ. ಸೋಮವಾರ ರಿಜಿಸ್ಟರ್ ಮದುವೆ. ಅಲ್ಲಿಯವರೆಗೆ ಅವನು ಚಾಮರಾಜನಗರದಲ್ಲಿ, ರೈಲ್ವೆ ಸ್ಟೇಷನ್ ಹಿಂದಿನ ರೂಮಿನಲ್ಲಿ ಇರುತ್ತಾನೆ.

“ಅಣ್ಣಂಗೆ ಗೊತ್ತಾದ್ರೆ ಅವ್ರನ್ನ ಉಳ್ಸಲ್ಲ ಅಕ್ಕಾ.”

“ನಾನ್ ಯಾರ್ಗೂ ಯೋಳಲ್ಲ ಬುಡು,” ಎನ್ನುತ್ತ ಭಾನು ಫೋನ್ ಎತ್ತಿಕೊಂಡಳು. ಪರದೆ ಕಪ್ಪಗೇ ಇತ್ತು. ಆದರೆ ಫ್ಯಾನಿನ ಗಾಳಿಯಲ್ಲಿ ತಣ್ಣಗಾಗಬೇಕಿದ್ದದ್ದು ಮೊದಲಿಗಿಂತ ಬಿಸಿಯಾಗಿತ್ತು.

ಫೋನನ್ನು ನಡೆಸುವುದು ಉಗುರಿನಗಲದ ಒಂದು ಚಿಪ್. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಸ್ವಿಚ್ಚುಗಳು. ಅವು ಹತ್ತಿ ಆರುವಾಗಲೆಲ್ಲ ಒಂದಿಷ್ಟು ಕರೆಂಟು ಶಾಖವಾಗಿ ಹೋಗುತ್ತದೆ. ಕೆಲಸವಿಲ್ಲದಿದ್ದರೆ ಬಹುಪಾಲು ಸ್ವಿಚ್ಚುಗಳನ್ನು ಮಲಗಿಸಿ ಚಿಪ್ ತಣ್ಣಗಿರುತ್ತದೆ. ದುಡಿಯದೆ ಅದರ ಮೈ ಬಿಸಿಯಾಗುವುದಿಲ್ಲ. ಹಾಗಾದರೆ ಕಪ್ಪು ಪರದೆಯ ಹಿಂದೆ ಇದು ಯಾರಿಗಾಗಿ ದುಡಿಯುತ್ತಿದೆ?

ಬ್ಯಾಟರಿ ತಿನ್ನುತ್ತಿರುವುದು ಯಾವುದೆಂದು ಭಾನು ಸೆಟ್ಟಿಂಗ್ಸ್ ತೆರೆದು ನೋಡಿದಳು. ಹೆಸರೇ ಇಲ್ಲದ ಒಂದು ಆ್ಯಪ್. ಮೈಕ್ ಆನ್ ಆಗಿತ್ತು. ಇಷ್ಟು ಹೊತ್ತು ಇಲ್ಲಿ ಆಡಿದ್ದನ್ನೆಲ್ಲ ಅದು ಯಾರಿಗೋ ಕೇಳಿಸುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಯ್ಯೋ, ಈ ಹಾಳು ಬಾಯಿ! ತಕ್ಷಣ ಫೋನ್ ಆಫ್ ಮಾಡಿದಳು.

“ಯಾಕಕ್ಕಾ?” ಎಂದಳು ಶಿವರಂಜನಿ.

ಅಷ್ಟರಲ್ಲಿ ಊರಿಗೆಲ್ಲ ಗೊತ್ತಿದ್ದ ಅಂಗಡಿಯ ನಂಬರಿಗೆ ಕರೆ ಬಂತು.

“ಅಕ್ಕಾ, ನಾನು ಸಾಗರ್, ಶಿವರಂಜನಿ ಅಣ್ಣ.” ಬೆಲ್ಲದಂಥ ದನಿ. “ಯಾಕಕ್ಕಾ ಆಫ್ ಮಾಡ್ಬುಟ್ರಿ? ದನಿ ಕೇಳ್ತಿದ್ದಂಗೇ ನೀವೇ ಅಂತ ಗೊತ್ತಾಯ್ತು, ಮಾತು ಚೆನ್ನಾಗಿತ್ತು. ಅವ್ಳನ್ನ ಅಲ್ಲೇ ಕೂರ್ಸ್ಕಂಡಿರಿ. ಅರಿಸಿನ ಮಾರಕ್ಕೆ ನಾನು ಚಾಮರಾಜನಗರಕ್ಕೇ ಬಂದಿವ್ನಿ. ಸ್ಟೇಷನ್ ಹಿಂದ್ಗಡೆ ರೂಮ್ಗೆ ಓಗ್ಬುಟ್ಟು ಬತ್ತೀನಿ.”

“ಮಹಾಲಿಂಗನ ನಂಬರ್ ಯೋಳಮ್ಮಿ, ಬೇಗ!” ಭಾನು ಚೀರಿದಳು.

ನಂಬರು ಹುಡುಗಿಗೆ ಬಾಯಿಪಾಠವಿರಲಿಲ್ಲ. ಅದು ಆ ಫೋನಿನಲ್ಲಿತ್ತು.

ಅದನ್ನು ಮತ್ತೆ ಆನ್ ಮಾಡಲು ಭಾನು ಗುಂಡಿ ಒತ್ತಿ ಹಿಡಿದಳು. ಪರದೆಯ ಮೇಲೆ ಕಂಪನಿಯ ಹೆಸರು ಮೂಡಿ ಅಲ್ಲೇ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಅಂಗೈಗೆ ಮತ್ತೆ ಬಿಸಿ ತಗುಲಿತು.