ಬೊಲಿವಿಯಾ ಆಂಟಿಯ ಶನಿವಾರದ ಮೇಜು

ನಕ್ಕರೆ ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ಚಿನ್ನದ ಗೆರೆ ಹೊಳೆಯುತ್ತಿತ್ತು. ಹಲ್ಲು ಹಾಳಾಗಿ ಕಟ್ಟಿಸಿದ್ದಲ್ಲ, ಹರೆಯದಲ್ಲಿ ಚೆಂದಕ್ಕೆಂದು ಹಾಕಿಸಿಕೊಂಡದ್ದು. "ನೀವು ಮೂಗಿಗೆ ಹಾಕ್ಕೋತೀರ, ನಾವು ಹಲ್ಲಿಗೆ" ಎಂದು ನನ್ನ ಮೂಗುಬೊಟ್ಟು ತೋರಿಸಿ ಹೇಳಿದ್ದೇ ಅವರ ಮೊದಲ ಮಾತು. ಆಡುತ್ತಿದ್ದದ್ದು ಸ್ಪ್ಯಾನಿಷ್ ಬೆರೆತ ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ.

ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ಬೊಲಿವಿಯಾದ ಕೋಚಬಂಬಾದಿಂದ ಬಂದು ಇಲ್ಲೇ ಮುದುಕಿಯಾದವರು. ನಮಗೆ ಅವರು ಬೊಲಿವಿಯಾ ಆಂಟಿ. ನಮ್ಮ ಅಡುಗೆಮನೆಗೆ ಬಂದರೆ ಸುಮ್ಮನೆ ನಿಲ್ಲುವ ಪೈಕಿಯಲ್ಲ. ಕಪಾಟು ತೆಗೆದು ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಆಲೂಗಡ್ಡೆ ಒಂದೊಂದನ್ನೇ ಮುಟ್ಟಿ, "ಇದು ನಮ್ಮ ಕಡೇದು, ಇದೂ ನಮ್ಮ ಕಡೇದು" ಎನ್ನುವರು.

"ಹಾಗಾದ್ರೆ ಇವೆಲ್ಲ ನಿಮ್ಮ ಕಡೆಯಿಂದ ಬರೋಕೆ ಮುಂಚೆ ನಾವು ಏನು ತಿಂತಿದ್ವಿ ಆಂಟಿ?"

"ಪಾಪ, ಏನು ತಿಂತಿದ್ರೋ!" ಎಂದು ನಿಜವಾಗಿಯೂ ಮರುಗುವರು.

ಪರಿಚಯ ಗಟ್ಟಿಯಾದದ್ದು 2020ರ ಬೇಸಿಗೆಯಲ್ಲಿ. ಯಾರೂ ಯಾರ ಮನೆಯೊಳಕ್ಕೂ ಹೋಗದಿದ್ದ ಕಾಲ. ಆಂಟಿಗೆ ಅದು ತಡೆಯಲಾಗಲಿಲ್ಲ. ಶನಿವಾರ ಬೆಳಿಗ್ಗೆ ತಮ್ಮ ಡ್ರೈವ್‌ವೇಯಲ್ಲಿ ಮೇಜು ಹಾಕಿ, ಅಕ್ಕಪಕ್ಕದವರನ್ನು ದೂರ ದೂರ ಕೂರಿಸಿ ಸಾಲ್ತೆನ್ಯಾ ಕೊಡತೊಡಗಿದರು. ನೋಡಲು ನಮ್ಮ ಕರ್ಜಿಕಾಯಿಯ ದಪ್ಪ ಅಣ್ಣ, ಅಂಚಿಗೆ ಜಡೆಯ ಹೆಣಿಗೆ. ಒಳಗೆ ಮಾತ್ರ ಬಿಸಿ ಸಾರು. ತುದಿ ಕಚ್ಚಿ, ಮೊದಲು ಸಾರು ಹೀರಿ, ಆಮೇಲೆ ತಿನ್ನಬೇಕು. ಮೈಮೇಲೆ ಸುರಿದುಕೊಂಡವರನ್ನು ಮೇಜಿನವರೆಲ್ಲ ಸೇರಿ ಗೇಲಿ ಮಾಡುವುದು ಅಲ್ಲಿನ ಪದ್ಧತಿ.

ಎಲ್ಲದರಲ್ಲೂ ಮಾಂಸವಿತ್ತು. ನಾನೂ ನನ್ನ ಗಂಡನೂ ಸಸ್ಯಾಹಾರಿಗಳು, ಕಾಫಿ ಹಿಡಿದು ಕೂತೆವು. ಆಂಟಿಯೂ ತಮ್ಮ ಪಾಲಿನದನ್ನು ಮುಟ್ಟಲಿಲ್ಲ. "ನೀವು ತಿನ್ನಿ ಆಂಟಿ" ಎಂದರೆ, "ನನ್ನ ಮೇಜಲ್ಲಿ ಒಬ್ಬರು ಬರೀ ಕಾಫಿ ಕುಡೀತಾ ಕೂತಿದ್ರೆ ನನಗೆ ಗಂಟಲಲ್ಲಿ ಇಳಿಯುತ್ತಾ?" ಎಂದು ಗದರಿದರು. ಅವರ ಸಾಲ್ತೆನ್ಯಾ ಅಲ್ಲೇ ಆರಿತು.

ಮುಂದಿನ ಶನಿವಾರ ನಮಗೆಂದೇ ಆಲೂಗಡ್ಡೆ, ಬಟಾಣಿಯದು ಬಂತು. ನಾನು ಬಾಯಿಗೆ ಇಡಬೇಕು, ಅಷ್ಟರಲ್ಲಿ ನನ್ನ ಗಂಡನಿಗೆ ಇಂಜಿನಿಯರ್ ಕುತೂಹಲ: "ಸಾರು ಒಳಗೆ ಹೇಗೆ ನಿಲ್ಲುತ್ತೆ ಆಂಟಿ?"

ಆಂಟಿ ಹೆಮ್ಮೆಯಿಂದ ಗುಟ್ಟು ಬಿಚ್ಚಿದರು. ಸಾರಿಗೆ ಜೆಲಟಿನ್ ಹಾಕಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ತುಂಬುವುದು. ಓವನ್ನಿನಲ್ಲಿ ಅದು ಕರಗಿ ಮತ್ತೆ ಸಾರಾಗುವುದು. ನಾನು ಮೆಲ್ಲಗೆ ಕೈ ಕೆಳಗಿಳಿಸಿದೆ.

"ಆಂಟಿ, ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡ್ತಾರೆ."

"ಆ ಬಿಳಿ ಪುಡೀನಾ?" ಅವರ ಮುಖ ಇಷ್ಟು ಚಿಕ್ಕದಾಯಿತು. ನನಗೂ ಅಳುವಂತಾಯಿತು. ಅವತ್ತೂ ಅವರು ತಿನ್ನಲಿಲ್ಲ.

ಆಮೇಲೆ ಆಂಟಿ ಹಟಕ್ಕೆ ಬಿದ್ದರು. ಜೆಲಟಿನ್ ಇಲ್ಲದ್ದು ಬೇಯುವ ಮೊದಲೇ ಸೋರಿತು. ಕಾರ್ನ್‌ಫ್ಲೋರ್ ಹಾಕಿದ್ದು ಅಂಟಾಯಿತು. "ಇದೇ ರುಚಿಯಾಗಿದೆ, ಸಾಕು" ಎಂದರೆ, "ಸಾರಿಲ್ಲದ್ದು ಸಾಲ್ತೆನ್ಯಾ ಅಲ್ಲ, ನನ್ನನ್ನ ಸಮಾಧಾನ ಮಾಡಬೇಡ" ಎಂದು ರೇಗುವರು. ಕೊನೆಗೆ ನನಗೆ ನೆನಪಾದದ್ದು ಬೇಸಿಗೆ ರಜೆಯಲ್ಲಿ ಅಮ್ಮ ಹಾಲಿಗೆ ಹಾಕಿ ಪುಡಿಂಗ್ ಮಾಡುತ್ತಿದ್ದ ಚೈನಾ ಗ್ರಾಸ್. ಸಮುದ್ರದ ಪಾಚಿಯದು, ಪ್ರಾಣಿಯ ಸೋಂಕಿಲ್ಲ. ಪಕ್ಕದೂರು ಶ್ಯಾಂಟಿಲಿಯ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ಆಂಟಿ ಆ ಎಳೆಗಳನ್ನು ಮೂಸಿ, "ಹುಲ್ಲು ತಂದಿದ್ದೀಯಲ್ಲೇ" ಎಂದು ಗೊಣಗಿದರೂ ತರಕಾರಿ ಸಾರಿನಲ್ಲಿ ಕುದಿಸಿದರು.

ಆ ಶನಿವಾರ ತುದಿ ಕಚ್ಚಿದ್ದೇ ತಡ, ಬಿಸಿ ಸಾರು ಗಲ್ಲದಿಂದ ಮೊಣಕೈವರೆಗೆ ಇಳಿದು ನನ್ನ ಬಿಳಿ ಕುರ್ತಾ ಹಳದಿಯಾಯಿತು. "ಸುರೀತು! ಸುರೀತು!" ಎಂದು ಆಂಟಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ನಗುತ್ತಾ, ಉರಿ ತಾಳಲಾರದೆ ಕುಣಿಯುತ್ತಾ ಪೂರ್ತಿ ತಿಂದೆ. ಆಮೇಲೆ ಅವರೂ ಕೂತು ತಿಂದರು. ಅಷ್ಟು ನೆಮ್ಮದಿಯಿಂದ ತಿನ್ನುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಅಲ್ಲಿಂದ ಮುಂದೆ ಎಷ್ಟೋ ಶನಿವಾರ ಹಾಗೇ ಕಳೆದವು.

ಅವರು ಹೋದದ್ದು ಒಂದು ಚಳಿಗಾಲ, ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ. ಸತ್ತವರು ನವೆಂಬರಿನಲ್ಲಿ ಮನೆಗೆ ಬರುತ್ತಾರೆಂದು ಬೊಲಿವಿಯಾದವರ ನಂಬಿಕೆ. ಮುಂದೆ ಬಂದ ನವೆಂಬರಿಗೆ ಆಂಟಿಯ ಮಗಳು ಮೇಜಿನ ಮೇಲೆ ಅಮ್ಮನ ಫೋಟೋ, ಮೇಣದಬತ್ತಿ, ಮಗುವಿನ ಆಕಾರದ ಬ್ರೆಡ್ಡು, ಇಷ್ಟದ ತಿಂಡಿಗಳನ್ನೆಲ್ಲ ಇಟ್ಟು ನಮ್ಮನ್ನು ಕರೆದಳು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆಯೇ. ಎಡೆ ಇಟ್ಟ ಮೇಲೆ ಅವರು ಉಣ್ಣಲೆಂದು ನಾವು ಬಾಗಿಲು ಹಾಕಿಕೊಂಡು ಹೊರಗೆ ಬರುತ್ತೇವೆ. ಅದೇ ಅಭ್ಯಾಸದಲ್ಲಿ, "ಸ್ವಲ್ಪ ಹೊತ್ತು ನಾವೆಲ್ಲ ಆಚೆ ಹೋಗೋಣ್ವಾ?" ಎಂದು ಕೇಳಿಬಿಟ್ಟೆ.

ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಮ್ಮನ್ನ ಒಬ್ಬಳನ್ನೇ ಬಿಟ್ಟು? ಅವಳು ಹಾಗೆ ಯಾವತ್ತು ತಿಂದಿದ್ದಾಳೆ?" ಎಂದು ನಮ್ಮ ಕೈಗೆ ತಟ್ಟೆ ಕೊಟ್ಟಳು.

ಮುಂದಿನ ಪಿತೃಪಕ್ಷದಲ್ಲಿ ನಾನು ಅಪ್ಪನಿಗೆ ಎಡೆ ಇಟ್ಟೆ: ಅನ್ನ, ಹುಳಿ, ಅವರಿಗೆ ಪ್ರಾಣವಾಗಿದ್ದ ಕಡಲೆಬೇಳೆ ವಡೆ. ದೀಪ ಹಚ್ಚಿದ್ದಾಯಿತು. ಗಂಡ ಬಾಗಿಲ ಹಿಡಿಗೆ ಕೈ ಹಾಕಿ ಕೇಳಿದರು, "ಹಾಕಲೇನೆ?"

"ಬೇಡ ರೀ. ಬಾಳೆಲೆ ಇನ್ನೂ ಇದೆ, ನಮಗೂ ಎರಡು ಹಾಕಿ. ಅಪ್ಪನ ಜೊತೆಗೇ ಕೂತ್ಕೊಳ್ಳೋಣ."